ನೋಡುವವರ ನಾಚಿಕೆ

ಕಳೆದ ಮಳೆಗಾಲದ ಒಂದು ರಾತ್ರಿ ನಾನು ನನ್ನ ಮೊಮ್ಮಗಳನ್ನು ಗದರಿಸಿದೆ. ಅವಳಿಗೀಗ ಹತ್ತೊಂಬತ್ತು ತುಂಬಿದೆ. ಇಷ್ಟು ವರ್ಷಗಳಲ್ಲಿ ಅವಳ ಮೇಲೆ ನಾನು ಸ್ವರವೇರಿಸಿದ್ದು ಅದೇ ಮೊದಲು. ಏರಿಸಿದ ಸ್ವರ ಇಳಿದ ಮೇಲೂ ಅದು ಬಹಳ ದಿನ ನನ್ನೊಳಗೆ ಕೊರೆಯುತ್ತಿತ್ತು. ಆದುದರಿಂದ ನಡೆದುದನ್ನು ನಡೆದ ಹಾಗೆ ಬರೆಯುತ್ತೇನೆ.

ಅವಳ ತಾಯಿ, ಎಂದರೆ ನನ್ನ ಮಗಳು, ಬೆಂಗಳೂರಿನಲ್ಲಿದ್ದಾಳೆ. ಹುಡುಗಿ ಕಾಲೇಜಿಗೆಂದು ಬಿಜೈಯ ನಮ್ಮ ಮನೆಗೆ ಬಂದು ಎರಡು ವರ್ಷವಾಯಿತು. ನಮ್ಮದು ಹಳೆಯ ಹಂಚಿನ ಮನೆ. ಸುತ್ತಲೂ ಮಾಳಿಗೆಯ ಮೇಲೆ ಮಾಳಿಗೆ ಎದ್ದು, ನಮ್ಮ ಮನೆ ಬಾವಿಯೊಳಗಿನ ಕಪ್ಪೆಯ ಹಾಗೆ ಮೇಲಕ್ಕೆ ನೋಡುತ್ತ ಕುಳಿತಿದೆ. ಸರ್ಕಾರಿ ಬಸ್ ನಿಲ್ದಾಣದ ಸದ್ದು ಒಂದು ಕಡೆಯಿಂದ, ಇಗರ್ಜಿಯ ಗಂಟೆ ಇನ್ನೊಂದು ಕಡೆಯಿಂದ. ಮಳೆಗಾಲದಲ್ಲಿ ಮಾತ್ರ ಈ ಎರಡೂ ಕೇಳಿಸುವುದಿಲ್ಲ. ಹಂಚಿನ ಮೇಲೆ ಬೀಳುವ ಮಳೆಯೊಂದೇ ಕೇಳಿಸುತ್ತದೆ. ಆ ರಾತ್ರಿ ಅಂಥ ಮಳೆ. ನೀರು ಕುಡಿಯಲು ಎದ್ದವನು ಚಾವಡಿಯಲ್ಲಿ ಬೆಳಕು ಕಂಡು ಬಗ್ಗಿ ನೋಡಿದೆ. ಹುಡುಗಿ ಕಿವಿಗೆ ಅದೇನೋ ತುರುಕಿಕೊಂಡು, ಮಡಿಲಲ್ಲಿ ಕಂಪ್ಯೂಟರು ಇಟ್ಟುಕೊಂಡು ಕುಳಿತಿದ್ದಳು. ಪರದೆಯ ಮೇಲೆ ಕಂಡದ್ದನ್ನು ನಾನಿಲ್ಲಿ ಬರೆಯಬೇಕಾಗಿಲ್ಲ. ಮೈಮೇಲೆ ಬಟ್ಟೆಯಿಲ್ಲದ ಮನುಷ್ಯರಿದ್ದರು ಎಂದರೆ ಸಾಕು.

"ಎಂತ ನೋಡ್ತಾ ಇದ್ದಿ ನೀನು?" ಎಂದೆ. ಕಿವಿಯಲ್ಲಿ ತುರುಕಿದ್ದರಿಂದ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿದ್ದು ಪಕ್ಕದ ಮಾಳಿಗೆಯವರಿಗೂ ಕೇಳಿಸಿರಬೇಕು. ಅವಳು ಬೆಚ್ಚಿ ಕಂಪ್ಯೂಟರು ಮುಚ್ಚಿದಳು. ನಾನು ಹೇಳಿದ ಮಾತುಗಳಲ್ಲಿ ಸಂಸ್ಕಾರ, ಮನೆತನ, ಮಾನ ಮೊದಲಾದ ದೊಡ್ಡ ಶಬ್ದಗಳಿದ್ದುವು. ಅವಳು ಅಳಲಿಲ್ಲ, ಎದುರಾಡಲೂ ಇಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಅಜ್ಜ, ನೀವು ನೋಡಿದ್ದು ಅರ್ಧ ನಿಮಿಷ. ನಾನು ನೋಡಿದ್ದು ಏಳು ಗಂಟೆ. ಒಂದು ಸಲ ಪೂರ್ತಿ ನೋಡಿ, ಮತ್ತೆ ಬೈಯಿರಿ" ಎಂದಳು.

ಹಾಸಿಗೆಯಲ್ಲಿ ಹೊರಳುತ್ತಿದ್ದಾಗ ನನ್ನ ತಂದೆಯ ನೆನಪಾಯಿತು. ನನಗೆ ಹದಿನಾಲ್ಕು ವರ್ಷವಾಗಿದ್ದಾಗ ಅ.ನ.ಕೃ. ಅವರ 'ನಗ್ನಸತ್ಯ'ವನ್ನು ಯಾರಿಂದಲೋ ಕಡ ತಂದು, ಭೂಗೋಳದ ಪುಸ್ತಕದೊಳಗಿಟ್ಟು ಓದುತ್ತಿದ್ದೆ. ಭೂಗೋಳದಲ್ಲಿ ನನ್ನ ಮಗನಿಗೆ ಇಷ್ಟು ಆಸಕ್ತಿಯಿರಲಾರದೆಂದು ತಂದೆಯವರಿಗೆ ಸಂಶಯ ಬಂದಿತು. ಪುಸ್ತಕ ಬಚ್ಚಲ ಒಲೆ ಸೇರಿತು. ಅದರ ಬೆಲೆಯನ್ನು ಸ್ನೇಹಿತನಿಗೆ ಎರಡು ತಿಂಗಳಲ್ಲಿ ತೀರಿಸಿದೆ. ಆ ಪುಸ್ತಕವೂ, ಅದರೊಡನೆ ಬಂದ 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳೂ ವೇಶ್ಯಾಜೀವನವನ್ನು ಕುರಿತವು. 1950ರ ದಶಕದ ಮೊದಲ ವರ್ಷಗಳಲ್ಲಿ ಅವು ಎಬ್ಬಿಸಿದ ಗದ್ದಲ ಸಣ್ಣದಲ್ಲ. ಅಶ್ಲೀಲವೆಂದು ಒಂದು ಪಕ್ಷ, ಸತ್ಯವೆಂದು ಇನ್ನೊಂದು ಪಕ್ಷ. ಅ.ನ.ಕೃ. ಸುಮ್ಮನಿರುವ ಜಾತಿಯವರಲ್ಲ, 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂದು ಒಂದು ಪುಸ್ತಕವನ್ನೇ ಬರೆದು, ಕಾವ್ಯ ಪುರಾಣಗಳನ್ನೆಲ್ಲ ಸಾಕ್ಷಿಗೆ ಎಳೆದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಹದಿನಾಲ್ಕರ ವಯಸ್ಸಿನಲ್ಲಿ ನಾನು ಆ ಪುಸ್ತಕ ಓದಿದ್ದು ಸಮಾಜದ ಸತ್ಯ ಹುಡುಕುವುದಕ್ಕಲ್ಲವೆಂದು ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಆದರೆ ಒಲೆ ಸೇರುವ ಮೊದಲು ಓದಿ ಮುಗಿಸಿದ್ದ ಪುಟಗಳಲ್ಲಿ ನಾನು ಹುಡುಕಿದ್ದು ಸಿಕ್ಕಿರಲಿಲ್ಲ. ಹುಡುಕದೆ ಇದ್ದದ್ದು ಸಿಕ್ಕಿತ್ತು. ಪೇಟೆಯ ಒಂದು ಬೀದಿಯಲ್ಲಿ ಹಾದುಹೋಗುವಾಗ ಮುಖ ತಿರುಗಿಸಬೇಕೆಂದು ಹಿರಿಯರು ಕಲಿಸಿದ್ದರು. ಆ ಬೀದಿಯ ಮನೆಗಳಲ್ಲಿ ಇರುವವರೂ ಹಸಿವು, ಹಟ, ಅಕ್ಕರೆಗಳುಳ್ಳ ಹೆಂಗಸರೆಂದು ಆಮೇಲೆ ನನಗೆ ತೋರತೊಡಗಿತು. ತಂದೆಯವರು ಪುಸ್ತಕವನ್ನು ಸುಟ್ಟರೇ ಹೊರತು ಓದಲಿಲ್ಲ.

ಹೀಗಾಗಿ, ಅರ್ಧ ನಿಮಿಷ ನೋಡಿದವನು ನಾನಾಗಬಾರದೆಂದು ನಿಶ್ಚಯಿಸಿದೆ. ಮರುದಿನ ಮೊಮ್ಮಗಳನ್ನೇ ಕರೆದು, ಟೀವಿಯಲ್ಲಿ ಅದನ್ನು ಹಾಕುವ ಬಗೆ ಹೇಳಿಕೊಡು ಎಂದೆ. ಅವಳು ನನ್ನ ಮುಖವನ್ನು ಎರಡು ಸಲ ನೋಡಿದಳು. ಕೊನೆಗೆ ಗುಂಡಿಗಳನ್ನು ತೋರಿಸಿಕೊಟ್ಟು, "ನಾನಿಲ್ಲದಾಗ ನೋಡಿ ಅಜ್ಜ, ನಿಮ್ಮ ಜೊತೆ ಕೂತು ನೋಡಲಿಕ್ಕೆ ನನಗೆ ಆಗುದಿಲ್ಲ" ಎಂದಳು. ಸಂಸ್ಕಾರ ಎಲ್ಲಿಯೂ ಹೋಗಿರಲಿಲ್ಲವೆಂದು ಅಷ್ಟರಲ್ಲೇ ತಿಳಿಯಿತು. ಹದಿನೈದು ದಿನ, ನನ್ನಾಕೆ ಮಧ್ಯಾಹ್ನ ಉಂಡು ಮಲಗಿದ ಮೇಲೆ, ಬಾಗಿಲು ಅರೆ ಮುಚ್ಚಿ, ಎಪ್ಪತ್ತು ದಾಟಿದ ನಾನು ಹದಿಹರೆಯದವರ ಆ ಧಾರಾವಾಹಿಯನ್ನು ಕಳ್ಳನ ಹಾಗೆ ನೋಡಿದೆ. ಭೂಗೋಳದ ಪುಸ್ತಕವೊಂದು ಇರಲಿಲ್ಲ, ಅಷ್ಟೆ.

ಅದರ ಹೆಸರು 'ಯೂಫೋರಿಯಾ'. ಅಮೆರಿಕೆಯ ಎಚ್‌ಬಿಓ ಸಂಸ್ಥೆಯದು. 2012ರಲ್ಲಿ ಇಸ್ರೇಲಿನಲ್ಲಿ ಬಂದ ಅದೇ ಹೆಸರಿನ ಧಾರಾವಾಹಿಯ ಆಧಾರದ ಮೇಲೆ ಸ್ಯಾಮ್ ಲೆವಿನ್‌ಸನ್ ಎಂಬವರು ಬರೆದದ್ದು. ಮೊದಲ ಮಾಲೆ 2019ರ ಜೂನಿನಲ್ಲಿ, ಎರಡನೆಯದು 2022ರ ಜನವರಿಯಲ್ಲಿ ಆರಂಭವಾದವು. ಒಂದೊಂದರಲ್ಲಿ ಎಂಟು ಕಂತು. ನಡುವೆ, ಕೊರೋನಾ ಕಾಲದಲ್ಲಿ, ಬಿಡಿಯಾಗಿ ಎರಡು. ಒಟ್ಟು ಹದಿನೆಂಟು. ಇವಿಷ್ಟನ್ನೇ ಕುರಿತು ನನ್ನ ಮಾತು. ನಮ್ಮ ದೇಶದಲ್ಲಿ 2021ರ ನಿಯಮಗಳ ಪ್ರಕಾರ ಇಂಥ ಕತೆಗಳಿಗೆ ವಯಸ್ಸಿನ ಮುದ್ರೆ ಹಾಕಬೇಕು. ಇದು ಹದಿನೆಂಟು ದಾಟಿದವರಿಗೆ. ಹದಿಹರೆಯದವರ ಕತೆ, ಆದರೆ ಹದಿಹರೆಯದವರು ನೋಡಕೂಡದು! ಈ ಕಟ್ಟಳೆಯನ್ನು ಎಷ್ಟು ಮನೆಗಳಲ್ಲಿ ಪಾಲಿಸುತ್ತಾರೋ, ಫೋನು ಕೊಟ್ಟವರು ಹೇಳಬೇಕು.

ಕತೆಯನ್ನು ಹೇಳುವವಳು ರೂ ಎಂಬ ಹದಿನೇಳರ ಹುಡುಗಿ. ನ್ಯೂಯಾರ್ಕಿನ ಜೋಡಿ ಗೋಪುರಗಳು ಉರುಳಿದ ಮೂರು ದಿನಕ್ಕೆ ಹುಟ್ಟಿದವಳು. ತಂದೆ ಕ್ಯಾನ್ಸರಿನಿಂದ ಮಲಗಿದ್ದಾಗ ಅವನ ಶುಶ್ರೂಷೆಗೆ ಕುಳಿತವಳು, ಅವನಿಗೆಂದು ತಂದಿಟ್ಟ ನೋವಿನ ಮಾತ್ರೆಗಳನ್ನು ತಾನೇ ನುಂಗಲು ಕಲಿತಳು. ತಂದೆ ಹೋದ, ಮಾತ್ರೆ ಹೋಗಲಿಲ್ಲ. ಕತೆ ಆರಂಭವಾಗುವುದು ಅವಳು ಚಿಕಿತ್ಸಾಲಯದಿಂದ ಮನೆಗೆ ಬರುವಲ್ಲಿ. ಬಂದ ದಿನವೇ ಅವಳು ಮತ್ತೆ ಮಾತ್ರೆ ಹುಡುಕಿಕೊಂಡು ಹೊರಡುತ್ತಾಳೆ. ಇದನ್ನು ಬರೆದವರೂ ತಮ್ಮ ಹರೆಯದಲ್ಲಿ ಇದೇ ಚಟದಲ್ಲಿ ಬಿದ್ದು ಎದ್ದವರೆಂದು ಅವರೇ ಹೇಳಿಕೊಂಡಿದ್ದಾರೆ. ಅಮೆರಿಕೆಯಲ್ಲಿ 2021ರ ಒಂದೇ ವರ್ಷ ಮಾದಕವಸ್ತುಗಳ ಮಿತಿಮೀರಿದ ಸೇವನೆಯಿಂದ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಅಷ್ಟು ದೂರದ ಮಾತೇಕೆ? ನಮ್ಮ ಊರಿನ ಪತ್ರಿಕೆಯ ಮೂರನೆಯ ಪುಟದಲ್ಲಿ ಗಾಂಜಾ, ವಿದ್ಯಾರ್ಥಿ, ಬಂಧನ ಎಂಬ ಮೂರು ಶಬ್ದಗಳು ಜೊತೆಯಾಗಿ ಬರುವುದನ್ನು ಬಹಳ ವರ್ಷಗಳಿಂದ ಕಾಣುತ್ತಿದ್ದೇವೆ. ಹೆಸರು ಓದಿ, ನಮ್ಮವರಲ್ಲವೆಂದು ತಿಳಿದು, ಪುಟ ತಿರುವುತ್ತೇವೆ.

ರೂ ಪಾತ್ರದ ಜೆಂಡಾಯಾ ಎಂಬ ನಟಿಗೆ 2020ರಲ್ಲಿ ಮತ್ತು 2022ರಲ್ಲಿ, ಹೀಗೆ ಎರಡು ಸಲ, ಎಮ್ಮಿ ಪ್ರಶಸ್ತಿ ಬಂದಿತು. ಬರಬೇಕಾದ್ದೇ. ಆ ಹುಡುಗಿ ಕತೆಯುದ್ದಕ್ಕೂ ದೊಗಳೆ ಅಂಗಿ ಹಾಕಿಕೊಂಡು ಇರುವವಳು. ಎಲ್ಲರಿಗಿಂತ ಹೆಚ್ಚು ಬೆತ್ತಲಾಗಿ ಕಾಣುವವಳೂ ಅವಳೇ. ತಾಯಿಗೆ ಸುಳ್ಳು ಹೇಳುತ್ತಾಳೆ, ತಂಗಿಯನ್ನು ಹೆದರಿಸುತ್ತಾಳೆ, ಕದಿಯುತ್ತಾಳೆ. ಮರುಕ್ಷಣ ಮಗುವಿನ ಹಾಗೆ ನಗುತ್ತಾಳೆ. ಅವಳನ್ನು ಕೆಟ್ಟವಳು ಎನ್ನುವಷ್ಟರಲ್ಲಿ ನಾಲಗೆ ತಡೆಯುತ್ತದೆ. ಒಳ್ಳೆಯವಳು ಎನ್ನಲು ಬಾಯಿ ಬರುವುದಿಲ್ಲ.

ನನ್ನಾಕೆ ಸಂಜೆ ನೋಡುವ ಕನ್ನಡ ಧಾರಾವಾಹಿಗಳಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಹೆಂಗಸರು ಮಲಗುವಾಗಲೂ ರೇಶ್ಮೆ ಸೀರೆ ಉಟ್ಟು, ಕುತ್ತಿಗೆ ತುಂಬ ಚಿನ್ನ ಹಾಕಿಕೊಂಡಿರುತ್ತಾರೆ. ಆದರೆ ಅತ್ತಿಗೆ ನಾದಿನಿಯ ಹಾಲಿಗೆ ವಿಷ ಬೆರೆಸುತ್ತಿರುತ್ತಾಳೆ. ಬೆರೆಸುವವಳು ಮೊದಲ ದಿನದಿಂದ ಕೆಟ್ಟವಳು, ಕುಡಿಯುವವಳು ಕೊನೆಯ ದಿನದ ತನಕ ಒಳ್ಳೆಯವಳು. ಮೊಮ್ಮಗಳು ಒಮ್ಮೆ, "ಅಜ್ಜಿ, ಇದಕ್ಕೆ ಯಾಕೆ ಹದಿನೆಂಟು ವರ್ಷದ ಮುದ್ರೆ ಇಲ್ಲ?" ಎಂದು ಕೇಳಿದ್ದಳು. ಅಜ್ಜಿಗೆ ಅರ್ಥವಾಗಲಿಲ್ಲ. ನನಗೂ ಆಗ ಆಗಿರಲಿಲ್ಲ.

ಹಾಗೆಂದು ನಾನು ಆ ಧಾರಾವಾಹಿಯ ಭಕ್ತನಾದೆನೆಂದು ಯಾರೂ ತಿಳಿಯಬಾರದು. ನನ್ನ ಆಕ್ಷೇಪ ಇನ್ನೂ ಇದೆ. ಮೊದಲಿನದಕ್ಕಿಂತ ಗಟ್ಟಿಯಾಗಿಯೇ ಇದೆ. ಅರ್ಧ ನಿಮಿಷದ ಆಕ್ಷೇಪ ಬಟ್ಟೆಯನ್ನು ಕುರಿತದ್ದಾಗಿತ್ತು. ಈಗಿನದು ಕಣ್ಣನ್ನು ಕುರಿತದ್ದು. ಕೆಲವು ಕಡೆ ಅಲ್ಲಿನ ಕ್ಯಾಮೆರಾ ಪಾತ್ರವನ್ನು ನೋಡುತ್ತದೆ. ಕೆಲವು ಕಡೆ ಮೈಯನ್ನು ಮಾತ್ರ ನೋಡುತ್ತದೆ. ಕ್ಯಾಸಿ ಎಂಬ ಹುಡುಗಿ ಒಬ್ಬಳಿದ್ದಾಳೆ. ತನ್ನನ್ನು ಯಾರಾದರೂ ಪ್ರೀತಿಸಬೇಕೆಂಬುದೊಂದೇ ಅವಳ ಹಂಬಲ. ಅದಕ್ಕಾಗಿ ತನ್ನನ್ನೇ ತುಂಡು ತುಂಡಾಗಿ ಕೊಟ್ಟುಕೊಳ್ಳುತ್ತ ಹೋಗುತ್ತಾಳೆ. ಅವಳ ಗೋಳು ಅವಳ ಮುಖದಲ್ಲೇ ಇದೆ, ನಟಿ ಅಷ್ಟು ಸಮರ್ಥೆ. ಅಲ್ಲಿ ಕ್ಯಾಮೆರಾ ಮುಖ ಬಿಟ್ಟು ಕೆಳಗಿಳಿದಾಗಲೆಲ್ಲ, ಅವಳನ್ನು ತುಂಡು ಮಾಡುವವರ ಸಾಲಿನಲ್ಲಿ ಅದೂ ಹೋಗಿ ನಿಂತಂತೆ ನನಗೆ ಅನ್ನಿಸಿತು. ಪಾತ್ರ ಮಾಡಿದ ಸಿಡ್ನಿ ಸ್ವೀನಿಗೂ ಕೆಲವೆಡೆ ಹಾಗೆ ಅನ್ನಿಸಿರಬೇಕು. ಕೆಲವು ದೃಶ್ಯಗಳಲ್ಲಿ ಬಟ್ಟೆ ತೆಗೆಯುವ ಅಗತ್ಯವಿಲ್ಲವೆಂದು ತಾನು ಹೇಳಿದಾಗ ನಿರ್ದೇಶಕರು ಮರುಮಾತಿಲ್ಲದೆ ಒಪ್ಪಿದರೆಂದು ಅವರು 2022ರಲ್ಲಿ ಪತ್ರಿಕೆಯವರಿಗೆ ಹೇಳಿದರು. ಒಪ್ಪಿದ್ದು ಒಳ್ಳೆಯದು. ಆದರೆ ಅಗತ್ಯವಿಲ್ಲದ್ದನ್ನು ಮೊದಲು ಬರೆದದ್ದೇಕೆ ಎಂದು ಕೇಳಬಹುದಷ್ಟೆ?

ಮೈ ತೋರಿಸಿದ ನಟರೆಲ್ಲ ಪ್ರಾಯಕ್ಕೆ ಬಂದವರು, ಇಪ್ಪತ್ತು ದಾಟಿದವರು. ಪಾತ್ರಗಳು ಮಾತ್ರ ಶಾಲೆಗೆ ಹೋಗುವವು. ಕಾನೂನಿಗೆ ಇದು ಸಾಕು. ನನಗೆ ಸಾಲದು. ನೋಡುವವನಿಗೆ ಈ ಹುಡುಗಿಗೆ ಹದಿನೇಳು ಎಂದು ಹೇಳಿ, ಬಳಿಕ ಹೀಗೆ ತೋರಿಸುವುದೆಂದರೆ, ಅವನ ಕಣ್ಣಿಗೆ ಯಾವ ಅಭ್ಯಾಸ ಮಾಡಿಸಿದಂತಾಯಿತು? ಇದನ್ನು ಮೊಮ್ಮಗಳ ಹತ್ತಿರ ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಅದು ಹೌದು ಅಜ್ಜ. ಅದು ಇಲ್ಲದಿದ್ದರೂ ಕತೆ ನಿಲ್ಲುತ್ತಿತ್ತು" ಎಂದಳು. ನಾನು ಗೆದ್ದೆನೆಂದುಕೊಳ್ಳುವಷ್ಟರಲ್ಲಿ, "ಆದರೆ ನಮ್ಮನ್ನು ಹಾಗೆ ನೋಡುವವರು ಆ ಧಾರಾವಾಹಿ ನೋಡಿ ಕಲಿತದ್ದಲ್ಲ. ಹಂಪನಕಟ್ಟೆಯಿಂದ ಬಸ್ಸಿನಲ್ಲಿ ಬರುವಾಗ ಎದುರು ಸೀಟಿನ ಮುದುಕರಿಗೆ ಯಾರು ಕಲಿಸಿದ್ದು?" ಎಂದಳು. ಮುದುಕರ ಪರವಾಗಿ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಅಲ್ಲಿ ಈಗ ಒಂದು ಹೊಸ ಉದ್ಯೋಗ ಹುಟ್ಟಿದೆಯಂತೆ. ಇಂಥ ದೃಶ್ಯಗಳನ್ನು ಚಿತ್ರಿಸುವಾಗ ನಟನಟಿಯರ ಪಕ್ಕದಲ್ಲಿ ನಿಂತು, ಯಾರು ಯಾರ ಮೈ ಎಲ್ಲಿ ಮುಟ್ಟಬೇಕು, ಎಷ್ಟು ಕಾಣಬೇಕು, ಯಾವುದು ಬೇಡ ಎಂಬುದನ್ನು ಮೊದಲೇ ಮಾತಾಡಿ ಗೊತ್ತುಮಾಡಿ, ಅದು ಮೀರದಂತೆ ಕಾಯುವ ಒಬ್ಬರು ಇರುತ್ತಾರೆ. ಇಂಟಿಮೆಸಿ ಕೋಆರ್ಡಿನೇಟರ್ ಎಂದು ಹೆಸರು. ಎಚ್‌ಬಿಓದವರು 2018ರಿಂದ ತಮ್ಮ ಎಲ್ಲ ಧಾರಾವಾಹಿಗಳಿಗೂ ಇದನ್ನು ಕಡ್ಡಾಯ ಮಾಡಿದರು. ಅದಕ್ಕೆ ಕಾರಣವಾದದ್ದು ಇನ್ನೊಂದು ಧಾರಾವಾಹಿಯ ನಟಿ ತನಗೆ ಅಂಥ ಒಬ್ಬರು ಜೊತೆಗೆ ಬೇಕೆಂದು ಕೇಳಿದ್ದು. ಬೆತ್ತಲೆಯಾಗಲು ಸಹ ಒಂದು ಕರಾರು, ಅದನ್ನು ಕಾಯಲು ಒಬ್ಬ ಮನುಷ್ಯ. ಮೊದಲು ಕೇಳಿದಾಗ ನನಗೆ ನಗು ಬಂದಿತ್ತು. ಈಗ ಬರುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಇಂಥ ಚರ್ಚೆ ಎದ್ದಾಗ ನಮ್ಮಲ್ಲಿ ಕೂಡಲೇ ಗೊಮ್ಮಟನನ್ನು ಕರೆತರುವವರು ಇದ್ದಾರೆ. ನನಗೂ ಅವನ ನೆನಪಾಗದೆ ಇರಲಿಲ್ಲ. ಬಿಜೈಯಿಂದ ಒಂದೂವರೆ ಗಂಟೆ ದಾರಿ ಹೋದರೆ ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತವನಿದ್ದಾನೆ. ವೇಣೂರಿನಲ್ಲಿ 1604ರಿಂದ ನಿಂತವನು ಇನ್ನೊಬ್ಬ. ವೇಣೂರಿನಲ್ಲಿ 2024ರ ಫೆಬ್ರವರಿ ಕೊನೆಗೆ ಮಹಾಮಸ್ತಕಾಭಿಷೇಕವಾದಾಗ ನಾವು ಮನೆಮಂದಿಯೆಲ್ಲ ಹೋಗಿದ್ದೆವು. ಮೂವತ್ತೈದು ಅಡಿಯ ಬೆತ್ತಲೆ ಮೂರ್ತಿಯ ಮೈಮೇಲೆ ಹಾಲು, ಅರಸಿನ, ಚಂದನ ಇಳಿಯುವಾಗ ಅಜ್ಜಿಯರಿಂದ ಹಿಡಿದು ಕೈಕೂಸುಗಳ ತನಕ ಎಲ್ಲರೂ ಬಾಯಿತೆರೆದು ನೋಡಿದೆವು. ಯಾರೂ ಮಕ್ಕಳ ಕಣ್ಣು ಮುಚ್ಚಲಿಲ್ಲ. ಆದರೆ ಇದನ್ನು ಹೇಳಿ ಯೂಫೋರಿಯಾದ ಪರ ವಾದಿಸಿದರೆ ಅದು ವಕೀಲಿಯಾದೀತು. ಗೊಮ್ಮಟನಿಗೆ ನಾವು ನೋಡುತ್ತೇವೆಯೋ ಇಲ್ಲವೋ ಎಂಬುದರ ಗೊಡವೆ ಇಲ್ಲ. ರಾಜ್ಯ ಗೆದ್ದು, ಬಿಟ್ಟು, ಬಟ್ಟೆಯನ್ನೂ ಬಿಟ್ಟವನು. ಕ್ಯಾಸಿ ನೋಡಿಸಿಕೊಳ್ಳುವುದಕ್ಕಾಗಿಯೇ ಸಾಯುತ್ತಿರುವವಳು. ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ಹಾಕಲಾಗದು.

ಅಕ್ಕಮಹಾದೇವಿಯ ಮಾತು ಬೇರೆ. ಅವಳು ಸ್ವಲ್ಪ ಹತ್ತಿರದವಳು. ಉಟ್ಟದ್ದನ್ನು ಬಿಸುಟು ಅರಮನೆಯಿಂದ ಹೊರಟು ಕಲ್ಯಾಣಕ್ಕೆ ಬಂದವಳನ್ನು ಅನುಭವಮಂಟಪದ ಬಾಗಿಲಲ್ಲೇ ಅಲ್ಲಮ ತಡೆದು ಕೇಳಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಅವನ ಪ್ರಶ್ನೆ. ನನಗಾಗಿ ಅಲ್ಲ, ನೋಡುವ ನಿಮಗೆ ನೋವಾಗದಿರಲೆಂದು ಎಂಬ ಅರ್ಥ ಬರುವಂತೆ ಅವಳ ಉತ್ತರ. ಎಂಟುನೂರು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ನಾಚಿಕೆಯ ಗಂಟನ್ನು ತನ್ನ ತಲೆಯಿಂದ ಇಳಿಸಿ, ನೋಡುವವರ ತಲೆಗೆ ಹೊರಿಸಿದಳು. ಅವಳು ಸಣ್ಣ ಪ್ರಾಯದವಳೆಂಬುದನ್ನು ನಾವು ಮರೆಯುತ್ತೇವೆ. ಪೂಜೆಗೆ ಕೂರಿಸಿದವರ ಪ್ರಾಯವನ್ನು ಯಾರು ಲೆಕ್ಕ ಹಾಕುತ್ತಾರೆ!

ಧಾರಾವಾಹಿಯಲ್ಲಿ ನನ್ನನ್ನು ಹೆಚ್ಚು ಕಾಡಿದವನು, ವಿಚಿತ್ರವೆಂದರೆ, ಹುಡುಗನಲ್ಲ, ಒಬ್ಬ ತಂದೆ. ಕ್ಯಾಲ್ ಜೇಕಬ್ಸ್ ಎಂದು ಅವನ ಹೆಸರು. ಮನೆ ಕಟ್ಟಿಸುವ ದೊಡ್ಡ ವ್ಯಾಪಾರಿ, ಊರಿನಲ್ಲಿ ಮರ್ಯಾದಸ್ಥ, ಗೋಡೆಯ ಮೇಲೆ ಕುಟುಂಬದ ಭಾವಚಿತ್ರ. ಬಾಗಿಲ ಹಿಂದೆ ಅವನ ಇನ್ನೊಂದು ಜೀವನ, ಅದು ಹೇಸಿಗೆ ಹುಟ್ಟಿಸುವಂಥದು. ಮೊದಲ ಮಾಲೆಯುದ್ದಕ್ಕೂ ಅವನನ್ನು ದ್ವೇಷಿಸಿದೆ. ಎರಡನೆಯದರಲ್ಲಿ ಒಂದು ಕಂತು ಅವನ ಹರೆಯದಿಂದ ಆರಂಭವಾಗುತ್ತದೆ. ಶಾಲೆಯ ಗೆಳೆಯನೊಬ್ಬನ ಮೇಲೆ ಅವನಿಗಿದ್ದ, ಬಾಯಿಬಿಟ್ಟು ಹೇಳಲಾಗದ ಪ್ರೀತಿ; ಅದು ಬಾಯಿಬಿಟ್ಟ ಒಂದೇ ಒಂದು ರಾತ್ರಿ; ಮರುದಿನ ಬೆಳಿಗ್ಗೆ ಮದುವೆಯಾಗಲೇಬೇಕಾದ ಸುದ್ದಿ. ಅವನು ಮಾಡಿದ ಪಾಪ ಅದರಿಂದ ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ. ಧಾರಾವಾಹಿ ಕಡಿಮೆ ಮಾಡಲು ಹೋಗುವುದೂ ಇಲ್ಲ. ಆದರೆ ಕೊಳೆತ ಹಣ್ಣಿನೊಳಗೆ ಹಿಂದೊಮ್ಮೆ ಇದ್ದ ಹೂವನ್ನು ತೋರಿಸಿದಂತಾಗಿ, ನಾನು ಟೀವಿ ನಿಲ್ಲಿಸಿ ಜಗಲಿಗೆ ಬಂದು ಕುಳಿತೆ. ಅಂಥ ಮದುವೆಗಳು ನಮ್ಮ ಊರಿನಲ್ಲಿ ಆಗಿಲ್ಲವೆ? ಒಂದೆರಡನ್ನು ನಾನೇ ಬಲ್ಲೆ. ಉಂಡು, ಅಕ್ಷತೆ ಹಾಕಿ ಬಂದವನು.

1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂದಾಗ ನಮ್ಮ ಪ್ರಾಯದವರಿಗೆ ಹೀಗೆಯೇ ಆಗಿತ್ತು. ರಾಮಾಚಾರಿ ಒಳ್ಳೆಯವನೋ ಕೆಟ್ಟವನೋ ಎಂದು ಕಾಲೇಜಿನ ಹುಡುಗರು ಬಡಿದಾಡಿಕೊಂಡದ್ದುಂಟು. ಮೂಲ ಬರೆದ ತ.ರಾ.ಸು. ಅವರಿಗೇ ಆ ಚಿತ್ರ ಒಪ್ಪಿಗೆಯಾಗಿರಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಅವರು ಹೇಳಿದ್ದು ಆಗ ಎಲ್ಲರ ಬಾಯಲ್ಲಿತ್ತು. ಹಲ್ಲು ಕಿತ್ತದ್ದೋ ಕೀಳದ್ದೋ, ಆ ಹಾವು ನಮ್ಮನ್ನು ಕಚ್ಚಿದ್ದಂತೂ ಹೌದು. ಗುಡ್ಡದ ತುದಿಯಲ್ಲಿ ರಾಮಾಚಾರಿ ಮಾಡಿದ್ದನ್ನು ನೋಡಿ ಬಂದ ರಾತ್ರಿ ನಾನು ಊಟ ಮಾಡಲಿಲ್ಲ. ತಂದೆಯವರು ಸಿನೆಮಾದ ಹುಚ್ಚು ಎಂದರು.

ಹದಿನೆಂಟು ಕಂತುಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2020ರ ಡಿಸೆಂಬರಿನಲ್ಲಿ ಬಂದ ಬಿಡಿ ಕಂತು. ಕ್ರಿಸ್ಮಸಿನ ಹಿಂದಿನ ರಾತ್ರಿ, ಒಂದು ಹೋಟೆಲು, ಒಂದು ಮೇಜು. ಈಚೆಗೆ ಮತ್ತೆ ಚಟಕ್ಕೆ ಜಾರಿದ ರೂ. ಆಚೆಗೆ ಅಲಿ ಎಂಬ ಹಿರಿಯ, ತಾನೂ ಹಿಂದೆ ಅದೇ ಚಟದಲ್ಲಿದ್ದು ಹೊರಬಂದವನು. ಸುಮಾರು ಒಂದು ಗಂಟೆ ಇಬ್ಬರೂ ಮಾತಾಡುತ್ತಾರೆ, ಅಷ್ಟೆ. ಬಟ್ಟೆ ತೆಗೆಯುವುದಿಲ್ಲ, ಓಡುವುದಿಲ್ಲ, ಕುಣಿಯುವುದಿಲ್ಲ. ನೋಡನೋಡುತ್ತ, ಇದು ತಾಳಮದ್ದಳೆಯಲ್ಲದೆ ಇನ್ನೇನು ಎಂದು ನಾನು ಒಬ್ಬನೇ ಕುಳಿತಲ್ಲಿ ನಕ್ಕೆ. ವೇಷವಿಲ್ಲ, ಕಿರೀಟವಿಲ್ಲ, ಇಬ್ಬರು ಅರ್ಥಧಾರಿಗಳು ಎದುರುಬದುರು ಕುಳಿತು, ಒಬ್ಬನ ವಾದವನ್ನು ಇನ್ನೊಬ್ಬ ಬಿಚ್ಚುತ್ತ ಬಿಚ್ಚುತ್ತ ಬೆಳಗು ಮಾಡುವುದನ್ನು ಕೇಳುತ್ತ ಬೆಳೆದವರು ನಾವು. ನಾನು ಬದುಕಿರುವುದಕ್ಕೆ ಅರ್ಹಳಲ್ಲ ಎಂದು ಆ ಹುಡುಗಿ. ಹಾಗೆಂದು ತೀರ್ಮಾನಿಸಿ ಕೈತೊಳೆದುಕೊಳ್ಳುವುದು ಸುಲಭವೆಂದು ಆ ಹಿರಿಯ. ಕೊನೆಗೆ ಯಾರೂ ಗೆಲ್ಲಲಿಲ್ಲ. ಒಳ್ಳೆಯ ಕೂಟದಲ್ಲಿ ಗೆಲ್ಲುವುದೂ ಇಲ್ಲ.

ಯಕ್ಷಗಾನದ ಮಾತು ಬಂದದ್ದರಿಂದ ಇನ್ನೊಂದು ನೆನಪು. ಚಿಕ್ಕಂದಿನಲ್ಲಿ ಬಯಲಾಟದಲ್ಲಿ ದ್ರೌಪದಿಯ ವಸ್ತ್ರಾಪಹರಣ ನೋಡಿದ್ದೆ. ದ್ರೌಪದಿಯ ವೇಷ ಗಂಡಸಿನದು. ಎಳೆದಷ್ಟೂ ಸೀರೆ ಬರುತ್ತದೆ. ಒಂದು ಅಂಗುಲ ಮೈ ಕಾಣುವುದಿಲ್ಲ. ಆದರೂ ನನ್ನ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಅವಳಿಗೆ ನಾಚಿಕೆ ಹುಟ್ಟಿಸಿದ್ದು ಸೀರೆಯಲ್ಲ. ಸಿಂಹಾಸನದ ಸುತ್ತ ಸುಮ್ಮನೆ ಕುಳಿತ ಭೀಷ್ಮ, ದ್ರೋಣರು. ತಾನೂ ಅವರ ಹಾಗೆಯೇ ಕುಳಿತು ನೋಡುತ್ತಿದ್ದೇನೆಂದು ಅವಳಿಗೆ ಅನ್ನಿಸಿತ್ತೋ ಏನೋ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ.

2012ರ ಜುಲೈ 28, ಶನಿವಾರ. ನಮ್ಮ ಊರಿನ ಪಡೀಲಿನ ಹೋಂಸ್ಟೇ ಒಂದರಲ್ಲಿ ಕೆಲವು ಹುಡುಗ ಹುಡುಗಿಯರು ಹುಟ್ಟುಹಬ್ಬ ಆಚರಿಸುತ್ತಿದ್ದರು. ಸಂಜೆ ಒಂದು ಗುಂಪು ನುಗ್ಗಿ ಅವರನ್ನು ಹೊಡೆಯಿತು, ಎಳೆದಾಡಿತು, ಹುಡುಗಿಯರ ಬಟ್ಟೆ ಹರಿಯಿತು. 2009ರ ಜನವರಿ 24ರಂದು ಪಬ್ಬಿನಲ್ಲಿ ಆದದ್ದರ ಮುಂದಿನ ಅಧ್ಯಾಯ. ಎರಡು ಸಲವೂ ಕ್ಯಾಮೆರಾ ಅಲ್ಲಿತ್ತು. ಎರಡು ಸಲವೂ ಹೇಳಿದ ಕಾರಣ ಒಂದೇ: ಸಂಸ್ಕೃತಿ, ಮಾನ. ಬಟ್ಟೆ ಸಾಲದೆಂದು ಬಂದವರು ಇದ್ದ ಬಟ್ಟೆಯನ್ನು ಹರಿದರು.

ಮರುದಿನ ಆದಿತ್ಯವಾರ. ಆಟಿಯ ನೆಪದಲ್ಲಿ ಮಗಳು ತವರಿಗೆ ಬಂದಿದ್ದಳು. ಮೊಮ್ಮಗಳಿಗೆ ಆಗ ಆರು ವರ್ಷ. ಹೊರಗೆ ಜಡಿಮಳೆ. ನಾನು ಟೀವಿಯ ಮುಂದೆ ಕುಳಿತಿದ್ದೆ. ಎಲ್ಲ ಸುದ್ದಿವಾಹಿನಿಗಳಲ್ಲಿಯೂ ಅದೇ. ಕೈಯಿಂದ ಮುಖ ಮುಚ್ಚಿಕೊಂಡು ಓಡುವ ಹುಡುಗಿಯರು. ಮುಚ್ಚಿದ ಕೈಯನ್ನು ಎಳೆಯುವವರು. ಒಂದು ಸಲ ತೋರಿಸಿದರು. ಹತ್ತು ಸಲ ತೋರಿಸಿದರು. ಕೆಂಪು ವೃತ್ತ ಹಾಕಿ, ನಿಧಾನ ಮಾಡಿ, ಹಿಂದಕ್ಕೆ ಓಡಿಸಿ ಮತ್ತೆ ತೋರಿಸಿದರು. ಮೊದಲ ಸಲ ತೋರಿಸಿದ್ದನ್ನು ನಾನು ತಪ್ಪೆನ್ನಲಾರೆ. ಅದಿಲ್ಲದಿದ್ದರೆ ದೇಶಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಸಾಲದ್ದಕ್ಕೆ ಅದನ್ನು ಚಿತ್ರಿಸಿದ ವರದಿಗಾರನನ್ನೇ ಬಂಧಿಸಿ ತಿಂಗಳುಗಟ್ಟಲೆ ಸೆರೆಯಲ್ಲಿಟ್ಟರು. ನನ್ನ ತಕರಾರು ನೂರನೆಯ ಸಲದ್ದು. ಆ ನೂರನೆಯ ಸಲವನ್ನೂ ನಾನು ನೋಡಿದೆ. ನೀರುದೋಸೆ ತಿನ್ನುತ್ತ ನೋಡಿದೆ. ಅಯ್ಯೋ ಪಾಪ ಎನ್ನುತ್ತ, ಕೆಂಪು ವೃತ್ತದೊಳಗೆ ಏನಿದೆಯೆಂದು ಕನ್ನಡಕ ಸರಿಮಾಡಿಕೊಂಡೂ ನೋಡಿದೆ.

ಮಗಳು ಒಳಗಿನಿಂದ ಬಂದವಳು ಏನೂ ಹೇಳದೆ ಟೀವಿಯ ಗುಂಡಿ ಆರಿಸಿದಳು. "ಸುದ್ದಿ ಬರ್ತಾ ಉಂಟಲ್ಲ, ಯಾಕೆ ಆರಿಸಿದ್ದು?" ಎಂದು ನಾನು ರೇಗಿದೆ. ಅವಳು ನನ್ನನ್ನು ಒಮ್ಮೆ ನೋಡಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಆ ನೋಟವನ್ನು ನಾನು ಆಗ ಓದಲಿಲ್ಲ. ಹದಿಮೂರು ವರ್ಷ ಕಳೆದು, ಒಂದು ಮಧ್ಯಾಹ್ನ, ಕ್ಯಾಸಿಯ ಮೇಲೆ ಕ್ಯಾಮೆರಾ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತಿತೆಂದು ಸಿಟ್ಟಾಗಿ ಕುಳಿತಿದ್ದಾಗ ಅದು ನೆನಪಾಗಿ, ಕುಳಿತಲ್ಲೇ ಮೈ ಬಿಸಿಯಾಯಿತು. ಅಮೆರಿಕೆಯ ಆ ನಟಿಯ ಪಕ್ಕದಲ್ಲಿ ಒಬ್ಬರಾದರೂ ನಿಂತಿದ್ದರು. ಬೇಡವೆಂದರೆ ನಿಲ್ಲಿಸುವ ಹಕ್ಕು ಅವಳಿಗಿತ್ತು. ಪಡೀಲಿನ ಹುಡುಗಿಯರನ್ನು ನೋಡಬಹುದೇ ಎಂದು ಯಾರು ಕೇಳಿದ್ದರು? ನಾನು ಕೇಳಿದ್ದೆನೆ? 2024ರಲ್ಲಿ ನ್ಯಾಯಾಲಯ ಆ ಮೊಕದ್ದಮೆಯ ಆರೋಪಿಗಳನ್ನು ಖುಲಾಸೆಗೊಳಿಸಿತು. ನಾವು ಟೀವಿಯ ಮುಂದೆ ಕುಳಿತಿದ್ದವರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ.

ಎರಡನೆಯ ಮಾಲೆಯ ಕೊನೆಯಲ್ಲಿ ಲೆಕ್ಸಿ ಎಂಬ ಮೆತ್ತಗಿನ ಹುಡುಗಿ ಶಾಲೆಯಲ್ಲಿ ಒಂದು ನಾಟಕ ಆಡಿಸುತ್ತಾಳೆ. ಗೆಳತಿಯರ ಜೀವನವೇ ಅದರ ಕತೆ. ಅವರೆಲ್ಲ ಸಭೆಯಲ್ಲಿ ಕುಳಿತು ತಮ್ಮನ್ನೇ ನೋಡಬೇಕಾಗುತ್ತದೆ. ಕೆಲವರು ನಗುತ್ತಾರೆ, ಒಬ್ಬ ಎದ್ದು ಹೋಗುತ್ತಾನೆ, ಕ್ಯಾಸಿ ತಡೆಯಲಾರದೆ ರಂಗದ ಮೇಲೇ ನುಗ್ಗುತ್ತಾಳೆ. ಅದನ್ನು ನೋಡಿದ ದಿನ ರಾತ್ರಿ ಊಟಕ್ಕೆ ಕುಳಿತಾಗ ಮೊಮ್ಮಗಳಿಗೆ ಪಡೀಲಿನ ಕತೆ, ನೀರುದೋಸೆಯ ಕತೆ ಎಲ್ಲ ಹೇಳಿದೆ. ಅವಳಿಗೆ ಪಡೀಲಿನ ವಿಷಯ ಗೊತ್ತಿತ್ತು. ಅಜ್ಜನ ವಿಷಯ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಗಂಜಿ ಕಲಸಿ, "ಅಮ್ಮನಿಗೆ ಹೇಳಿದ್ರಾ?" ಎಂದು ಕೇಳಿದಳು. ಇಲ್ಲವೆಂದೆ.

ದಸರಾ ರಜೆಗೆ ಮಗಳು ಬಂದಳು. ಅಷ್ಟರಲ್ಲಿ ಅಜ್ಜ ಮೊಮ್ಮಗಳ ನಡುವೆ ಒಂದು ಒಪ್ಪಂದ ಬೆಳೆದಿತ್ತು. ಅಡ್ಡಿಯಿಲ್ಲದ ಕಂತುಗಳನ್ನು ಇಬ್ಬರೂ ಕೂಡಿ ಎರಡನೆಯ ಸಲ ನೋಡುವುದು. ಯಾವುದು ಅಡ್ಡಿಯಿಲ್ಲದ್ದೆಂದು ತೀರ್ಮಾನಿಸುವ ಅಧಿಕಾರ ಅವಳದು. ಆ ದಿನ ರೂ ಮನೆಬಿಟ್ಟು ಓಡುವ ಕಂತು. ಮಗಳು ಅಡಗಿಸಿಟ್ಟ ಮಾದಕದ್ರವ್ಯ ತಾಯಿಯ ಕೈಗೆ ಸಿಕ್ಕಿದೆ. ಹುಡುಗಿ ಬಾಗಿಲು ಒದೆಯುತ್ತಾಳೆ, ಕೂಗಾಡುತ್ತಾಳೆ, ತಾಯಿಯ ಎದೆಗೆ ನಾಟುವ ಮಾತುಗಳನ್ನು ಹುಡುಕಿ ಹುಡುಕಿ ಆಡುತ್ತಾಳೆ. ಅದೇ ಹೊತ್ತಿಗೆ ನನ್ನ ಮಗಳು ಕಾಫಿ ಹಿಡಿದುಕೊಂಡು ಚಾವಡಿಗೆ ಬಂದಳು. 2012ರ ಆದಿತ್ಯವಾರ ನನ್ನ ಕಣ್ಣ ಮುಂದೆ ಬಂದು, ಕೈ ತಾನಾಗಿ ರಿಮೋಟಿನ ಕಡೆಗೆ ಹೋಯಿತು.

"ಇರಲಿ ಅಪ್ಪ" ಎಂದಳು. ನಿಂತಲ್ಲೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಲೋಟ ಕೆಳಗಿಟ್ಟು, ತನ್ನ ಮಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ಯಾರು ಈ ಹುಡುಗಿ?"

"ರೂ ಅಂತ. ಅವಳ ಅಪ್ಪ ತೀರಿಹೋಗಿದ್ದಾರೆ" ಎಂದಳು ಮೊಮ್ಮಗಳು. "ಶುರುವಿಂದ ಹಾಕಲಾ ಅಮ್ಮ?"